ಅಕ್ಷರಕ್ಕೆ ಮೊದಲು ಆಸನ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನಡುಗನ್ನಡದ ಷಟ್ಪದಿಗಳನ್ನು ಕುರಿತು ನಾಲ್ಕು ಮಾತು ಬರೆಯೋಣವೆಂದುಕೊಂಡಿದ್ದೆ. ಗುರುಗಳು ನನಗೆ ಕಲಿಸಿದ್ದೂ ನಾನು ಮಕ್ಕಳಿಗೆ ಕಲಿಸುತ್ತ ಬಂದದ್ದೂ ಅದನ್ನೇ. ಆದರೆ ಬರೆಯಲು ಕುಳಿತಾಗ ಷಟ್ಪದಿಯೊಡನೆ ಒಬ್ಬ ಹುಡುಗನ ಮುಖವೂ ಎದುರು ಬಂದು ನಿಂತಿತು. ಅವನ ಋಣ ತೀರಿಸದೆ ಛಂದಸ್ಸಿನ ಮಾತನಾಡುವುದು ಸರಿಯಲ್ಲವೆನಿಸಿ ವಿಷಯವನ್ನೇ ಬದಲಿಸಿದ್ದೇನೆ. ಓದುಗರು ಮನ್ನಿಸಬೇಕು.

1998ರ ಮಾತು. ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಆಗ ಹೊಸ ಕನ್ನಡ ಪಂಡಿತ. ಒಂಬತ್ತನೆಯ ತರಗತಿಯಲ್ಲಿ ಹೊಗೆಸೊಪ್ಪು ಬೆಳೆಯುವ ರೈತರೊಬ್ಬರ ಮಗನಿದ್ದ. ಒಮ್ಮೆ ಕೇಳಿದ ಪದ್ಯವನ್ನು ಮಾತ್ರೆ ತಪ್ಪದೆ ಒಪ್ಪಿಸುತ್ತಿದ್ದ. ಬರೆಯಲು ಹೇಳಿದರೆ ಮಾತ್ರ ದೀರ್ಘ ಒಂದು ಕಡೆ, ಒತ್ತಕ್ಷರ ಮತ್ತೊಂದು ಕಡೆ. ಅರ್ಧ ಪುಟ ಮುಗಿಯುವಷ್ಟರಲ್ಲಿ ಕೈ ನೋಯುತ್ತದೆಂದು ಲೇಖನಿಯನ್ನು ಕೆಳಗಿಡುವನು. ಬಾಯಿಗೆ ಬಂದದ್ದು ಕೈಗೆ ಬಾರದಿದ್ದರೆ ಅದು ಸೋಮಾರಿತನವಲ್ಲದೆ ಮತ್ತೇನು ಎಂದು ನಾನು ನಿಶ್ಚಯಿಸಿದೆ. ಒಂದೇ ಪುಟವನ್ನು ಹತ್ತು ಸಲ ಬರೆಸಿದೆ. ತರಗತಿಯ ಎದುರು ಅವನ ಪುಸ್ತಕವನ್ನು ಎತ್ತಿ ಹಿಡಿದು ಕೋಳಿ ಕೆದರಿದಂತಿದೆ ಎಂದೆ. ಮಕ್ಕಳು ನಕ್ಕರು, ಅವನೂ ನಕ್ಕ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕೆಲಸಕ್ಕೆ ನಿಂತನೆಂದು ಕೇಳಿದೆ, ಕೇಳಿ ಮರೆತೆ.

ಎರಡು ವರ್ಷಗಳ ಹಿಂದೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಒಬ್ಬರು ಬಂದು ಕಾಲಿಗೆ ನಮಸ್ಕರಿಸಿದರು. ನೋಡಿದರೆ ಆ ಹುಡುಗನೇ; ಕಿವಿಯ ಬಳಿ ಕೂದಲು ನರೆತಿತ್ತು. ಜೊತೆಯಲ್ಲಿ ಎಂಟು ವರ್ಷದ ಮಗಳು. ನಾನು ಕಲಿಸಿದ ಪದ್ಯ ಇನ್ನೂ ಬರುತ್ತದೆಂದು ಅಲ್ಲಿಯೇ ಎರಡು ಸಾಲು ಹೇಳಿದ. ಅನಂತರ ದನಿ ತಗ್ಗಿಸಿ, “ಇವ್ಳೂ ನನ್ನಂಗೇ ಸಾ, ಬರೆಯಕ್ಕಾಗಲ್ಲ. ದಿನಾ ಬೈಸ್ಕೊಂಡು ಬತ್ತಾಳೆ. ಏನಾರ ದಾರಿ ಇದ್ರೆ ಹೇಳಿ” ಎಂದ. ಬೈದವನಲ್ಲಿಯೇ ಅವನು ದಾರಿ ಕೇಳುತ್ತಿದ್ದ. ನನಗೆ ಉತ್ತರ ಹೊಳೆಯಲಿಲ್ಲ.

ಹುಡುಗಿ ಓದುತ್ತಿದ್ದುದು ಸರ್ಕಾರಿ ಶಾಲೆಯಲ್ಲಿ. ವಿಚಾರಿಸಿದಾಗ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ತಪಾಸಣೆ ನಡೆಯುವುದೆಂದು ತಿಳಿಯಿತು. ತಂದೆ ಮಗಳೊಡನೆ ನಾನೂ ಹೋದೆ. ಮೈಸೂರಿನಿಂದ ಬಂದಿದ್ದ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಅಲ್ಲಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗುವಿನ ಬರಹದ ಪುಸ್ತಕವನ್ನು ನಾನು ಮುಂದೆ ಚಾಚಿದೆ. ಆಕೆ ಅದನ್ನು ಪಕ್ಕಕ್ಕಿಟ್ಟು ಮೊದಲು ನೋಡಿದ್ದು ಮಗುವಿನ ಪಾದಗಳನ್ನು. ಅವು ಬೆಂಚಿನಿಂದ ಕೆಳಗೆ ತೂಗಾಡುತ್ತಿದ್ದವು. ಒಂದು ಮಣೆಯನ್ನು ತರಿಸಿ ಕಾಲ ಕೆಳಗಿಟ್ಟರು. ಬರೆಯುವ ಹಲಗೆಯನ್ನು ಓರೆಯಾಗಿ ನಿಲ್ಲಿಸಿದರು. ಪೆನ್ಸಿಲಿಗೆ ಬಟ್ಟೆಯ ಪಟ್ಟಿಯೊಂದನ್ನು ಸುತ್ತಿದರು. ಚೆಂಡು ಹಿಡಿಸಿದರು, ಗುಂಡಿ ಹಾಕಿಸಿದರು. “ಅವಳು ಕಷ್ಟಪಡ್ತಿಲ್ಲ ಅಂತಲ್ಲ ಸಾರ್, ಕೂತ್ಕೊಳ್ಳೋದಕ್ಕೇ ಅವಳ ಶಕ್ತಿಯೆಲ್ಲ ಹೋಗ್ತಿದೆ. ಬರೆಯೋಕೆ ಏನು ಉಳಿಯುತ್ತೆ?” ಎಂದರು.

ಅಂದಿನವರೆಗೆ ಬರೆಯುವುದು ಬೆರಳಿನ ಕೆಲಸವೆಂದೇ ನಾನು ತಿಳಿದಿದ್ದೆ. ಪಾದ, ಸೊಂಟ, ಭುಜಗಳು ನೆಲೆಯಾಗಿ ನಿಂತರಲ್ಲವೆ ಬೆರಳು ಸ್ವತಂತ್ರವಾಗಿ ಆಡುವುದು? ನಮ್ಮ ಲಿಪಿಯಂತೂ ದುಂಡು ಲಿಪಿ. ಕೈ ತಡೆಯಿಲ್ಲದೆ ಸುತ್ತಿ ಬರಬೇಕು. ಒಂದೇ ಅಕ್ಷರಕ್ಕೆ ಮೇಲೆ ತಲೆಕಟ್ಟು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. ಇಷ್ಟೆಲ್ಲ ಜಿಗಿತವನ್ನು ಎಳೆಯ ಕೈಯಿಂದ ಬೇಡುವ ನಾವು ಆ ಕೈಯನ್ನು ಎಂದೂ ನೋಡಿದವರಲ್ಲ.

‘ಔದ್ಯೋಗಿಕ ಚಿಕಿತ್ಸೆ’ ಎಂಬ ಕನ್ನಡ ಪದ ನನಗೆ ಒಗಟಾಗಿತ್ತು. ಎಂಟು ವರ್ಷದ ಮಗುವಿಗೆ ಯಾವ ಉದ್ಯೋಗವಮ್ಮ ಎಂದು ಕೇಳಿದೆ. “ಉಣ್ಣೋದು, ಉಡೋದು, ಆಡೋದು, ಬರೆಯೋದು. ಮಗುವಿಗೆ ಇದೇ ಅಲ್ವೇ ಸಾರ್ ಉದ್ಯೋಗ?” ಎಂದರು. ಹಾಗಾದರೆ ಕಾಯಕವೆಂಬ ನಮ್ಮ ಮಾತೇ ಇದಕ್ಕೆ ಹೆಚ್ಚು ಹೊಂದುವುದು. ಅದರೊಳಗೆ ಕಾಯವೂ ಇದೆ. ಅಂಗಗಳ ಬಲ, ಚಲನೆಗಳನ್ನು ಸರಿಪಡಿಸುವುದು ಫಿಸಿಯೋಥೆರಪಿಯವರ ಮುಖ್ಯ ಕೆಲಸ. ಆ ಅಂಗಗಳಿಂದ ಮಗು ತನ್ನ ದಿನದ ಕೆಲಸವನ್ನು ಹೇಗೆ ಮಾಡಿಕೊಂಡೀತು, ಅದಕ್ಕಾಗಿ ಬೆಂಚು, ತಟ್ಟೆ, ಶೌಚಾಲಯದ ಹಿಡಿಕೆಗಳನ್ನು ಹೇಗೆ ಬದಲಿಸಬೇಕು ಎಂದು ನೋಡುವುದು ಇವರ ಕೆಲಸ.

ಮನೆಯಲ್ಲಿ ಮಾಡಿಸಲು ಆಕೆ ಹೇಳಿದ ಅಭ್ಯಾಸಗಳನ್ನು ಕೇಳಿ ಇನ್ನಷ್ಟು ಬೆರಗಾದೆ: ಹಿಟ್ಟು ನಾದುವುದು, ಹೂ ಕಟ್ಟುವುದು, ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿದುಕುವುದು, ತಟ್ಟೆಯಲ್ಲಿ ಮರಳು ಹರಡಿ ದೊಡ್ಡಕ್ಷರ ತಿದ್ದುವುದು. ಅಕ್ಕಿಯ ಮೇಲೆ, ಮರಳಿನ ಮೇಲೆ ಅಕ್ಷರಾಭ್ಯಾಸ ಮಾಡಿಸಿದ ಹಿರಿಯರಿಗೆ ಈ ಮರ್ಮ ತಿಳಿದಿತ್ತೇನೋ. ನಾವು ಶಾಸ್ತ್ರಕ್ಕೆ ಒಂದು ದಿನ ತಿದ್ದಿಸಿ ಮರುದಿನವೇ ಲೇಖನಿ ಕೊಟ್ಟೆವು.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯಲ್ಲಿ ಕಮಲಾ ನಿಂಬ್ಕರ್ ಅವರು ತೆರೆದರು. ಅಮೆರಿಕದಲ್ಲಿ 1975ರ ಶಾಸನವೊಂದು ಈ ಸೇವೆಯನ್ನು ಸರ್ಕಾರಿ ಶಾಲೆಗಳ ಒಳಗೇ ತಂದಿತು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಬರಹದ ತೊಡಕಾದ ಡಿಸ್ಗ್ರಾಫಿಯಾ ಸಹ ನಿರ್ದಿಷ್ಟ ಕಲಿಕಾ ನ್ಯೂನತೆಯೆಂಬ ಹೆಸರಿನಲ್ಲಿ ಅದರೊಳಗೆ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ ಇವುಗಳಿಗೂ ಆ ಕಾಯಿದೆಯಲ್ಲಿ ಎಡೆಯಿದೆ. ನಾನು ಸೋಮಾರಿತನವೆಂದು ಕರೆದದ್ದಕ್ಕೆ ಶಾಸನದಲ್ಲಿ ಬೇರೆ ಹೆಸರಿತ್ತು.

ಆದರೆ ಕಾಗದದಲ್ಲಿರುವುದು ಊರಿಗೆ ಬರಬೇಕಷ್ಟೆ. ಮೈಸೂರಿನಂಥ ನಗರದಲ್ಲಿ ಚಿಕಿತ್ಸಕರು ದೊರೆಯುವರು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯ ತಾಯಿ ನಡೆಯಲಾರದ ಮಗುವನ್ನು ಸೊಂಟದಲ್ಲಿ ಹೊತ್ತು, ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಎಷ್ಟು ಸಲ ಬಂದಾಳು? ಕೃಷ್ಣರಾಜನಗರದಲ್ಲಿ ನಾಟಿಯ ಕಾಲಕ್ಕೂ, ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಮುರಿಯುವ ಕಾಲಕ್ಕೂ ಶಿಬಿರ ಬಿದ್ದರೆ ಬರುವವರು ಯಾರು? ಮಗು ದಿನವೂ ಇರುವ ಶಾಲೆಗೆ ಚಿಕಿತ್ಸಕರು ಬರಬೇಕು. ಅಲ್ಲಿನ ಬೆಂಚನ್ನೂ ಮೆಟ್ಟಿಲನ್ನೂ ಕಣ್ಣಾರೆ ನೋಡಬೇಕು. ತಾವು ಹೋದ ಮೇಲೆ ಏನು ಮಾಡಬೇಕೆಂದು ಅಲ್ಲಿನ ಶಿಕ್ಷಕರಿಗೆ ತಿಳಿಸಬೇಕು.

ಆ ಹುಡುಗಿಯ ಅಕ್ಷರ ಮುತ್ತಿನಂತಾಯಿತೆಂದು ನಾನು ಬರೆಯಲಾರೆ. ಒಂದು ವರ್ಷದ ಅನಂತರ ಅದು ಓದುವಂತಾಯಿತು. ಪುಟ ಮುಗಿಯುವವರೆಗೆ ಕೈ ತಡೆಯುವಂತಾಯಿತು. ಅವಳಿಗೆ ಶಾಲೆ ಬೇಡವಾಗಲಿಲ್ಲ, ಅದೇ ದೊಡ್ಡದು. ಅವಳ ತಂದೆಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡಾಗ ಅವನು, “ಆಗ ಯಾರ್ಗೂ ಗೊತ್ತಿರ್ಲಿಲ್ಲ ಬಿಡಿ ಸಾ” ಎಂದ. ಅದು ಅವನ ದೊಡ್ಡತನ. ಆದರೆ ಅಂದು ನನಗೆ ಗೊತ್ತಿಲ್ಲದಿದ್ದುದು ಚಿಕಿತ್ಸೆ ಮಾತ್ರ. ಮಗು ನಕ್ಕದ್ದು ಸಂತೋಷದಿಂದಲ್ಲವೆಂಬುದು ಗೊತ್ತಿತ್ತು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದಾರೆ. ಅವರಲ್ಲಿ ನನ್ನ ಪ್ರಾರ್ಥನೆ ಒಂದೇ: ಕೆಟ್ಟ ಅಕ್ಷರವನ್ನು ಕಂಡಾಗ ಕೆಂಪು ಲೇಖನಿಯನ್ನು ತೆರೆಯುವ ಮೊದಲು ಬಾಗಿ ಬೆಂಚಿನ ಕೆಳಗೆ ನೋಡಿ. ಕಾಲು ನೆಲಕ್ಕೆ ಮುಟ್ಟಿದೆಯೆ? ಮುಟ್ಟದಿದ್ದರೆ ಒಂದು ಮಣೆಯನ್ನಿಡಿ. ಅದಕ್ಕೆ ಯಾವ ಆದೇಶವೂ ಬೇಕಿಲ್ಲ. ಆಮೇಲೂ ಕೈ ಸೋತರೆ, ಮಗುವನ್ನು ತಿಳಿದವರ ಬಳಿಗೆ ಕರೆದುಕೊಂಡು ಹೋಗಿ.