ನಾಟಿ ಹಾಕಿದ ಪೈರು

ಈ ವರ್ಷ ನನ್ನ ಅಣ್ಣನ ಮಗಳು ಇಂಜಿನಿಯರಿಂಗ್ ಕಾಲೇಜಿಗೆ ಸೇರಿದಳು. ಹಾಸ್ಟೆಲಿಗೆ ಹೋದ ಮೂರನೆಯ ವಾರ ರಾತ್ರಿ ಹತ್ತರ ಮೇಲೆ ಫೋನು ಮಾಡಿ, "ಚಿಕ್ಕಪ್ಪ, ಇಲ್ಲಿ ನನಗೆ ಏನೂ ಅರ್ಥವಾಗ್ತಿಲ್ಲ. ಅಪ್ಪನಿಗೆ ಮಾತ್ರ ಹೇಳಬೇಡಿ" ಎಂದಳು. ಆ ಮಾತು ಕೇಳಿದೊಡನೆ ಇಪ್ಪತ್ತು ವರ್ಷಗಳಿಗೂ ಹಿಂದಿನ ನನ್ನದೇ ದನಿಯನ್ನು ಕೇಳಿದಂತಾಯಿತು.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು. ಒಂದರಿಂದ ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಹಳ್ಳಿಯ ಶಾಲೆಯಲ್ಲಿ. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5ರಷ್ಟು ಮೀಸಲಾತಿ ಇದೆ. 2002ರಲ್ಲಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿದ್ದೂ ಗ್ರಾಮೀಣ ಮೀಸಲಾತಿಯಿಂದಲೇ. ಅದು ಬರಗಾಲದ ವರ್ಷ. ಸಾಲದ್ದಕ್ಕೆ ತೆಂಗಿಗೆ ನುಸಿ ರೋಗ ತಗುಲಿ ಕಾಯಿಗಳು ಮುರುಟಿಹೋಗುತ್ತಿದ್ದವು. ಅಪ್ಪ ಕೈಸಾಲ ಮಾಡಿ ಶುಲ್ಕ ಕಟ್ಟಿದರು. ಯಾರಿಂದ ತಂದರೆಂಬುದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ದಿನವೇ ತರಗತಿಯ ಇಂಗ್ಲಿಷ್ ನನ್ನ ತಲೆಯ ಮೇಲಿಂದ ಹಾದುಹೋಯಿತು. ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷಿನದಾದರೂ ಉಪನ್ಯಾಸಕರು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಇಲ್ಲಿ ಆ ಆಸರೆ ಇರಲಿಲ್ಲ. ಡ್ರಾಯಿಂಗ್ ತರಗತಿಯಲ್ಲಿ ಒಂದು ಘನಾಕೃತಿಯನ್ನು ಮೇಲಿನಿಂದಲೂ ಮುಂದಿನಿಂದಲೂ ನೋಡಿದಂತೆ ಬರೆಯಬೇಕಿತ್ತು. ಪಕ್ಕದ ಹುಡುಗ ಮುಗಿಸಿ ಎದ್ದಾಗ ನನ್ನ ಹಾಳೆಯಲ್ಲಿ ಅಳಿಸಿದ ಗುರುತುಗಳು ಮಾತ್ರ ಇದ್ದವು. ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕೆಲವರು ಮನೆಯಲ್ಲೇ ಸಿ ಭಾಷೆ ಕಲಿತು ಬಂದಿದ್ದರು. ನಾನಾದರೋ ಕೀಲಿಮಣೆಯಲ್ಲಿ ಅಕ್ಷರಗಳನ್ನು ಹುಡುಕುತ್ತಿದ್ದೆ. ಊರಿನಲ್ಲಿ 'ಬುದ್ಧಿವಂತ ಹುಡುಗ' ಎನ್ನಿಸಿಕೊಂಡಿದ್ದವನಿಗೆ, ತಾನು ದಡ್ಡನಿರಬಹುದೆಂಬ ಸಂಶಯ ಎಷ್ಟು ಭಾರವಾದುದೆಂಬುದನ್ನು ಅನುಭವಿಸಿದವರೇ ಬಲ್ಲರು.

ವಾರಕ್ಕೊಮ್ಮೆ ಎಸ್‌ಟಿಡಿ ಬೂತಿನಿಂದ ಊರಿನ ಅಂಗಡಿಗೆ ಫೋನು ಮಾಡುತ್ತಿದ್ದೆ. ಅಪ್ಪ ಬಂದು, "ಓದು ಹೆಂಗೆ ನಡೀತಿದೆ, ಮಗ?" ಎಂದು ಕೇಳುತ್ತಿದ್ದರು. "ಚೆನ್ನಾಗಿದೆ, ಅಪ್ಪ" ಎನ್ನುತ್ತಿದ್ದೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ಗಣಿತದಲ್ಲಿ ನನಗೆ ನೂರಕ್ಕೆ 19 ಅಂಕಗಳು. ಆ ವಾರವೂ ಬೂತಿನಲ್ಲಿ ನಿಂತು, "ಚೆನ್ನಾಗಿದೆ, ಅಪ್ಪ" ಎಂದೆ. ಆ ರಾತ್ರಿ ಟ್ರಂಕಿಗೆ ಬಟ್ಟೆ ತುಂಬಿಸಿ, ಬೆಳಗಿನ ಬಸ್ಸಿಗೆ ಊರಿಗೆ ಹೊರಟುಬಿಡಬೇಕೆಂದುಕೊಂಡೆ. ಆದರೆ ಊರಿನಲ್ಲಿ ಇಳಿದು ಏನೆಂದು ಹೇಳಲಿ? ಅದಕ್ಕೆ ಉತ್ತರ ಸಿಗದೆ ಟ್ರಂಕು ಹಾಗೆಯೇ ಉಳಿಯಿತು.

ಅದಾಗಿ ಕೆಲವು ದಿನಗಳ ಮೇಲೆ ಸಿವಿಲ್ ಇಂಜಿನಿಯರಿಂಗ್ ತರಗತಿಯಲ್ಲಿ ಉಪನ್ಯಾಸಕರು ಒಂದು ಪ್ರಶ್ನೆ ಹಾಕಿದರು: ನಾಲೆಗೆ ಎತ್ತರದ ನೆಲ ಅಡ್ಡ ಬಂದರೆ, ಪಂಪಿಲ್ಲದೆ ನೀರನ್ನು ಆಚೆಗೆ ಒಯ್ಯುವುದು ಹೇಗೆ? ಯಾರೂ ಮಾತನಾಡಲಿಲ್ಲ. ನನಗೆ ಉತ್ತರ ಗೊತ್ತಿತ್ತು. ಹೇಮಾವತಿಯ ನೀರನ್ನು ತುಮಕೂರು ಜಿಲ್ಲೆಯ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗ ನಮ್ಮ ಊರಿನದೇ. ಉದ್ದ ಹತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಬಾಲ್ಯದಲ್ಲಿ ಅದನ್ನು ನೋಡಿ ಬೆರಗಾಗಿದ್ದೆ. ಕೈ ಎತ್ತಿದೆನಾದರೂ ಇಂಗ್ಲಿಷಿನಲ್ಲಿ ಎರಡು ಪದಗಳಾಚೆಗೆ ನಾಲಿಗೆ ಹೊರಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಉಪನ್ಯಾಸಕರು ಶಾಂತವಾಗಿ, "ಕನ್ನಡದಲ್ಲೇ ಹೇಳಪ್ಪ" ಎಂದರು. ಹೇಳಿದೆ. ಗೊರೂರಿನ ಅಣೆಕಟ್ಟಿನಿಂದ ಹೊರಟ ನೀರು ನಮ್ಮಲ್ಲಿ ನೆಲದೊಳಗೆ ಇಳಿದು ನವಿಲೆಯ ಬಳಿ ಮತ್ತೆ ಬೆಳಕಿಗೆ ಬರುವುದನ್ನೂ, ಸುರಂಗದ ತಳಕ್ಕೆ ಕಣ್ಣಿಗೆ ಕಾಣದಷ್ಟು ಅಲ್ಪ ಇಳಿಜಾರು ಕೊಟ್ಟರೆ ನೀರು ತಾನಾಗಿಯೇ ಹರಿಯುವುದನ್ನೂ ವಿವರಿಸಿದೆ. ಅವರು ಅದನ್ನೇ ಹಲಗೆಯ ಮೇಲೆ ಚಿತ್ರವಾಗಿ ಬರೆದು ಪಾಠವನ್ನು ಮುಂದುವರಿಸಿದರು.

ಅಂದು ನಾನೇನೂ ಜಾಣನಾಗಿಬಿಡಲಿಲ್ಲ. ಆದರೆ ತರಗತಿ ಮುಗಿದ ಮೇಲೆ ಮೂವರು ಹುಡುಗರು ನನ್ನ ಬಳಿಗೆ ಬಂದರು. "ನಮಗೂ ಇಂಗ್ಲಿಷ್ ಕಷ್ಟ ಕಣೋ. ಗಣಿತದಲ್ಲಿ ನಾವೂ ಹೋಗಿದ್ದೀವಿ" ಎಂದರು. ಆರು ತಿಂಗಳು ಒಂದೇ ಕೊಠಡಿಯಲ್ಲಿ ಕುಳಿತಿದ್ದೆವು. ಪ್ರತಿಯೊಬ್ಬನೂ ತಾನೊಬ್ಬನೇ ಮುಳುಗುತ್ತಿರುವೆನೆಂದು ತಿಳಿದಿದ್ದ! ಅಂದಿನಿಂದ ರಾತ್ರಿ ಊಟವಾದ ಮೇಲೆ ನಾಲ್ವರೂ ಸೇರಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸತೊಡಗಿದೆವು. ತಿಳಿದವನು ಕನ್ನಡದಲ್ಲಿ ಹೇಳುವುದು, ಉಳಿದವರು ಇಂಗ್ಲಿಷಿನಲ್ಲಿ ಬರೆಯುವುದು. ತಿಳಿಯದುದನ್ನು ಗುರುತು ಹಾಕಿಕೊಂಡು ಮರುದಿನ ಗಣಿತದ ಉಪನ್ಯಾಸಕರನ್ನು ಕೇಳುತ್ತಿದ್ದೆವು. ಕೇಳಿದ್ದಕ್ಕೆ ಅವರು ಒಮ್ಮೆಯೂ ಬೇಸರಿಸಲಿಲ್ಲ. ಕೇಳದಿದ್ದುದು ನಮ್ಮದೇ ತಪ್ಪಾಗಿತ್ತು.

ಎರಡನೆಯ ಸೆಮಿಸ್ಟರಿನ ಪರೀಕ್ಷೆಯೊಂದಿಗೆ ಉಳಿದ ಗಣಿತವನ್ನೂ ಬರೆದು ಊರಿಗೆ ಹೋದೆ. ಒಂದಿಷ್ಟು ಮಳೆ ಬಿದ್ದು ರಾಗಿ ನಾಟಿ ನಡೆದಿತ್ತು. ಅಪ್ಪನ ಜೊತೆ ಹೊಲದಲ್ಲಿ ಬಾಗಿ ಪೈರು ಊರುತ್ತಲೇ, ಮುಖ ನೋಡದೆ, 19 ಅಂಕದ ವಿಷಯ ಹೇಳಿಬಿಟ್ಟೆ. ಅಷ್ಟು ದಿನ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅಪ್ಪ ಸಾಲಿನ ಕೊನೆಯವರೆಗೂ ಮಾತನಾಡಲಿಲ್ಲ. ಬದುವಿನ ಮೇಲೆ ಕುಳಿತು ಹಿಂದಿನ ದಿನ ನೆಟ್ಟಿದ್ದ ಪಟ್ಟಿಯತ್ತ ಕೈ ತೋರಿಸಿದರು. ಅಲ್ಲಿ ಪೈರೆಲ್ಲ ಬಾಡಿ ನೆಲಕ್ಕೆ ಒರಗಿತ್ತು. "ಕಿತ್ತು ನೆಟ್ಟ ಪೈರು ನಾಕು ದಿನ ಬಾಡ್ತದೆ, ಮಗ. ಬಾಡಿದ್ದೆಲ್ಲ ಸತ್ತಂಗಲ್ಲ, ಬೇರು ಹೊಸ ನೆಲ ಹುಡುಕ್ತಿರ್ತದೆ. ಆದ್ರೆ ಬಾಡಿರೋದನ್ನ ನನ್ನತ್ರ ಮುಚ್ಚಿಟ್ರೆ ನಾನು ನೀರು ಹಾಕೋದೆಂಗೆ?" ಎಂದರು. ಸಾಲದ ಮಾತನ್ನು ಎತ್ತಲಿಲ್ಲ. ಮುಂದೆ ಗಣಿತದಲ್ಲಿ 41 ಅಂಕಗಳೊಂದಿಗೆ ಪಾಸಾದೆ.

ನಮ್ಮ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾದದ್ದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ. ಮುದ್ದೇನಹಳ್ಳಿಯ ಆ ಹುಡುಗನೂ ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ 1881ರಲ್ಲಿ ಬಿ.ಎ. ಮುಗಿಸಿ, ಇಂಜಿನಿಯರಿಂಗ್ ಓದಲು ದೂರದ ಪುಣೆಗೆ ಹೋದವರು. ಕಿತ್ತು ನೆಟ್ಟ ಪೈರುಗಳ ಸಾಲು ದೊಡ್ಡದು. ಇಂದು ಹೊಸ ವಿದ್ಯಾರ್ಥಿಗಳು ಒಗ್ಗಿಕೊಳ್ಳಲೆಂದು ಆರಂಭದಲ್ಲಿ ಪರಿಚಯ ಕಾರ್ಯಕ್ರಮಗಳಿವೆ. ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲಿ ಒಪ್ಪಿಗೆಯೂ ದೊರೆತಿದೆ. ಆದರೂ ರಾತ್ರಿ ಹತ್ತರ ಮೇಲೆ ಬರುವ ಆ ಫೋನು ನಿಂತಿಲ್ಲ.

ಹೆತ್ತವರಲ್ಲಿ ನನ್ನದೊಂದೇ ಬಿನ್ನಹ. ಮಕ್ಕಳು ಫೋನು ಮಾಡಿದಾಗ ಮೊದಲು ಅಂಕಗಳನ್ನು ಕೇಳಬೇಡಿ. ಊಟವಾಯಿತೇ, ಜೊತೆಗೆ ಯಾರಿದ್ದಾರೆ, ಯಾವ ಪಾಠ ತೊಡಕಾಗಿದೆ ಎಂದು ಕೇಳಿ. 'ಚೆನ್ನಾಗಿಲ್ಲ' ಎನ್ನಲು ಅವರಿಗೊಂದು ಬಾಗಿಲು ತೆರೆದಿರಲಿ.

ಅಣ್ಣನ ಮಗಳಿಗೆ ನಾನು, "ನಿನ್ನ ಅಪ್ಪನಿಗೆ ನಾನು ಹೇಳುವುದಿಲ್ಲ, ನೀನೇ ಹೇಳು" ಎಂದೆ. ನನ್ನ 19 ಅಂಕದ ಕಥೆಯನ್ನೂ ಹೇಳಿದೆ. ಮುಂದಿನ ಭಾನುವಾರ ಅವಳು ಹೇಳಿದಳಂತೆ. ಅಂದು ಸಂಜೆ ಅಣ್ಣ ನನಗೆ ಫೋನು ಮಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಗಣಿತದಲ್ಲಿ ಫೇಲಾಗಿದ್ದೆಯಾ? ನನಗೆ ಗೊತ್ತೇ ಇರಲಿಲ್ಲವಲ್ಲೋ!" ಎಂದ.

ಅಪ್ಪ ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷಗಳಾದ ಮೇಲೆ ಅದು ನನಗೆ ತಿಳಿದುಬಂತು.