ರಾತ್ರಿ ಶಾಲೆಯ ಮಾಮ

ಮುಂಬಯಿ ಕನ್ನಡಿಗರ ಶೈಕ್ಷಣಿಕ ಚರಿತ್ರೆಯನ್ನು ಬರೆಯಹೊರಟವರು ರಾತ್ರಿ ಶಾಲೆಗಳನ್ನು ಬಿಟ್ಟು ಮುಂದುವರಿಯುವಂತಿಲ್ಲ. ಅವುಗಳ ಸ್ಥಾಪಕರು, ದಾನಿಗಳು, ಮುಖ್ಯೋಪಾಧ್ಯಾಯರ ಹೆಸರುಗಳು ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿವೆ. ಸಂಜೆ ಬೀಗ ತೆಗೆದು, ದೀಪ ಹಾಕಿ, ಗಂಟೆ ಬಾರಿಸುತ್ತಿದ್ದವರ ವಿಷಯ ಅಲ್ಲಿ ದೊರೆಯುವುದು ಅಪರೂಪ. ಕೋಟೆ ಪರಿಸರದ ಶಾಲೆಯೊಂದರಲ್ಲಿ ಅಂಥ ಸಿಪಾಯಿಯೊಬ್ಬರಿದ್ದರು. ಮಹಾರಾಷ್ಟ್ರದ ಶಾಲೆಗಳ ರೂಢಿಯಂತೆ ಹುಡುಗರು ಅವರನ್ನು 'ಮಾಮ' ಎಂದು ಕರೆಯುತ್ತಿದ್ದರು. ಅಳಿಯಸಂತಾನದ ನಾಡಿನಿಂದ ಬಂದ ಮಕ್ಕಳ ಬಾಯಲ್ಲಿ ಆ ಪದಕ್ಕೆ ಮರಾಠಿಯಲ್ಲಿಲ್ಲದ ತೂಕವೊಂದು ಬರುತ್ತಿತ್ತು.

ಅವರೂ ಉಡುಪಿಯ ಕಡೆಯವರೇ. ಮೂರನೆಯ ತರಗತಿಗೆ ಓದು ನಿಲ್ಲಿಸಿ ಮುಂಬಯಿ ಸೇರಿ, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಮುಂದೆ ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ 'ಬದಲಿ'ಯಾದರು. ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ನಿಲ್ಲುವವನೇ ಬದಲಿ. ಗಿರಣಿಯ ಬಾಗಿಲಲ್ಲಿ ಕಾದು ನಿಂತಾಗ ಕರೆ ಬಂದರೆ ಕೂಲಿ, ಇಲ್ಲವಾದರೆ ಬರಿಗೈಯಲ್ಲಿ ಕೋಣೆಗೆ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಹೊರಬಂದರು. ಮತ್ತೆ ಒಳಹೋಗದೆ ಉಳಿದವರಲ್ಲಿ ಇವರೊಬ್ಬರು.

ರಾತ್ರಿ ಶಾಲೆಯ ಶತ್ರು ಬಡತನವೆಂದು ಭಾಷಣಗಳಲ್ಲಿ ಹೇಳುವುದುಂಟು. ಹತ್ತಿರದಿಂದ ನೋಡಿದರೆ ಹೋಟೆಲಿನ ಗಡಿಯಾರವೇ ಅದರ ದೊಡ್ಡ ಶತ್ರು. ಗಿರಾಕಿಗಳ ಸಂದಣಿಯೂ ತರಗತಿಯ ಮೊದಲ ಗಂಟೆಯೂ ಒಂದೇ ಹೊತ್ತಿಗೆ. ಹಾಜರಿ ಪುಸ್ತಕದಲ್ಲಿ ಎರಡು ದಿನ ಗೈರಾದ ಹುಡುಗನನ್ನು ಹುಡುಕಿಕೊಂಡು ಮಾಮ ಹೋಟೆಲಿನ ಹಿಂಬಾಗಿಲಿಗೆ ಹೋಗುತ್ತಿದ್ದರು. ಧಣಿಗಳೊಡನೆ ಜಗಳವಾಡಿದವರಲ್ಲ. ಹತ್ತನೆಯ ತರಗತಿಯ ಪರೀಕ್ಷೆ ನಡೆಯುವುದು ಹಗಲಿನಲ್ಲಿ. ರಜೆ ಕೊಡಲೊಲ್ಲದ ಧಣಿಯೊಬ್ಬರಿಗೆ ಒಂದು ಮಾರ್ಚಿಯಲ್ಲಿ ಅವರು, "ಹುಡುಗ ಗಣಿತ ಬರೆದು ಬರಲಿ ಧಣಿ, ಅಲ್ಲಿಯವರೆಗೆ ನಾನಿದ್ದೇನೆ, ಬದಲಿ ಕೆಲಸ ನನಗೆ ಹೊಸತಲ್ಲ" ಎಂದು ಹೇಳಿ, ಅಂಗಿ ಕಳಚಿ ಮೋರಿಯ ಬಳಿ ಕುಳಿತು ಮಧ್ಯಾಹ್ನದವರೆಗೆ ಪಾತ್ರೆ ತೊಳೆದರು. ಮರುವರ್ಷ ಆ ಧಣಿ ಕೇಳುವ ಮೊದಲೇ ರಜೆ ಕೊಟ್ಟರಂತೆ.

ಆದರೆ ಅವರನ್ನು ಕೊನೆಯವರೆಗೂ ಕಾಡಿದ ಸಂಗತಿಯೊಂದಿತ್ತು. ಪಾಠದ ನಡುವೆ ದಿನವೂ ನಿದ್ದೆಹೋಗುತ್ತಿದ್ದ ಹುಡುಗನೊಬ್ಬನನ್ನು ಒಮ್ಮೆ ಎಲ್ಲರೆದುರು ಬೈದುಬಿಟ್ಟರು. ಮರುದಿನ ಅವನು ಬರಲಿಲ್ಲ, ಹೋಟೆಲಿನಲ್ಲೂ ಇರಲಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸುವ ಕೆಲಸ ಅವನದೆಂದು ಮಾಮನಿಗೆ ತಿಳಿದದ್ದು ಆಮೇಲೆ. ಪುಣೆಗೆ ಹೋದನೆಂದು ಕೆಲವರು, ಊರಿಗೆ ಎಂದು ಕೆಲವರು. ಅಂದಿನಿಂದ, ನಿದ್ದೆ ಬಂದವರಿಗೆ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಮಲಗಲು ಬಿಡಬೇಕೆಂದು ಅವರು ಅಧ್ಯಾಪಕರಲ್ಲಿ ಬೇಡಿಕೊಳ್ಳತೊಡಗಿದರು. ಶಾಲೆ ಇರುವುದು ಮಲಗುವುದಕ್ಕೋ ಎಂದು ಅಧ್ಯಾಪಕರು ಕೇಳಿದರು. ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲಿ ಮಾಮನ ಬೇಡಿಕೆಗೆ ಸಮರ್ಥನೆ ದೊರೆಯಲಾರದು. ಹಾಗೆ ಮಲಗಿ ಎದ್ದವರು ಮಾತ್ರ ಶಾಲೆ ಬಿಡಲಿಲ್ಲ.

ನಿವೃತ್ತರಾದ ಮೇಲೂ ಸಂಬಳವಿಲ್ಲದೆ ಬರುತ್ತಿದ್ದರು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದಕ್ಕೆ 2006ರ ಅಕ್ಟೋಬರಿನಲ್ಲಿ ನಿಷೇಧ ಬಂತು. ಅದಕ್ಕೂ ಮೊದಲೇ ಕರಾವಳಿಯಿಂದ ಬರುವ ಹುಡುಗರು ವಿರಳವಾಗಿದ್ದರು. ಬೆಂಚುಗಳು ಖಾಲಿಯಾದಾಗ ಅಧ್ಯಾಪಕರು ಮರುಗಿದರು, ಮಾಮ ಮರುಗಲಿಲ್ಲ. ಮಕ್ಕಳು ಊರಿನಲ್ಲೇ, ಹಗಲಿನಲ್ಲೇ ಓದುತ್ತಿದ್ದಾರಲ್ಲ ಎಂಬುದು ಅವರ ಸಮಾಧಾನ. ಶಾಲೆಯನ್ನು ಕಳೆದುಕೊಂಡ ಕನ್ನಡ ಸಮಾಜಕ್ಕೆ ಅಷ್ಟು ಸುಲಭವಾಗಿ ಹಾಗೆನ್ನಲು ಆಗಲಿಲ್ಲ.

ಅವರು ತೀರಿಕೊಂಡ ದಿನ ಚಾಳಿನ ಮೆಟ್ಟಿಲುಗಳಲ್ಲಿ ನಿಲ್ಲಲು ಸ್ಥಳವಿರಲಿಲ್ಲ. ಬ್ಯಾಂಕಿನವರು, ವಕೀಲರು, ಸ್ವಂತ ಹೋಟೆಲು ತೆರೆದವರು ಬಂದಿದ್ದರು. ಬೈಸಿಕೊಂಡು ಹೋದ ಆ ಹುಡುಗನೂ ಅವರಲ್ಲಿದ್ದನೇ ಎಂಬುದು ತಿಳಿಯಲಿಲ್ಲ. ಅವನ ಮುಖವನ್ನು ಗುರುತಿಸಬಲ್ಲವರು ಮಾಮ ಒಬ್ಬರೇ ಆಗಿದ್ದರು.