ತೆಂಗಿನ ಮರಕ್ಕೊಂದು ತಂತಿ

‘ಮಾತಾಡೋದಕ್ಕೂ ಸ್ಪರ್ಧೆ ಇರುತ್ತೇನೆ ಪುಟ್ಟಿ?’ ಎಂದು ಅಪ್ಪ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಗಳು ದ್ವಿತೀಯ ಪಿಯುಸಿ. ಪರೀಕ್ಷೆಗೆ ನಾಲ್ಕೇ ತಿಂಗಳು. ದಸರಾ ಮುಗಿಯಿತು, ಇನ್ನಾದರೂ ಪುಸ್ತಕ ಹಿಡಿಯುತ್ತಾಳೆ ಅಂದುಕೊಂಡರೆ ಹಾಸನದ ಮನೆಯ ತಾರಸಿಯ ಮೇಲೆ ತಾಮ್ರದ ತಂತಿ ಅಳೆಯುತ್ತ ಕುಳಿತಿದ್ದಳು.

ಹಿಂದಿನ ವರ್ಷ ಅವಳು ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸು ಮಾಡಿ, ವಿಯು3 ಎಂದು ಆರಂಭವಾಗುವ ಕರೆಸಂಕೇತ ಪಡೆದಿದ್ದಳು. ಊರಿನ ಹಿರಿಯ ಹ್ಯಾಮ್ ಒಬ್ಬರು ಹಳೆಯ ರೇಡಿಯೊ ಎರವಲು ಕೊಟ್ಟಿದ್ದರು. ಹೊರಡಿಸುವ ಶಕ್ತಿ 50 ವಾಟ್. ಮನೆಮನೆಯಲ್ಲಿ ಉರಿಯುತ್ತಿದ್ದ ಹಳೆಯ 60 ವಾಟ್ ಬಲ್ಬಿಗಿಂತಲೂ ಕಡಿಮೆ. ಆಂಟೆನಾಕ್ಕೆ ಖರ್ಚೇ ಇಲ್ಲ ಎನ್ನಬೇಕು. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 15 ಮೀಟರ್ ತರಂಗಪಟ್ಟಿಗೆ, ಅಂದರೆ 21 ಮೆಗಾಹರ್ಟ್ಸ್ ಆಸುಪಾಸಿಗೆ, ಸುಮಾರು 6.7 ಮೀಟರ್. ನಡುವೆ ಕತ್ತರಿಸಿ ಕೇಬಲ್ ಜೋಡಿಸಿ, ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ತುದಿ ನೀರಿನ ಟ್ಯಾಂಕಿನ ಕಂಬಕ್ಕೆ. ಪೂರ್ವ–ಪಶ್ಚಿಮವಾಗಿ ಕಟ್ಟಿದರೆ ಉತ್ತರಕ್ಕೆ ಚೆನ್ನಾಗಿ ಹೋಗುತ್ತದೆ. ನಮ್ಮ ನಾಡಿನಿಂದ ಜಪಾನೂ ಯೂರೋಪೂ ಆ ಕಡೆಯವೇ ತಾನೆ. ಹಗ್ಗ ಎಳೆದವರು ಅಪ್ಪನೇ, ಗೊಣಗುತ್ತಲೇ.

ಸ್ಪರ್ಧೆಯ ಹೆಸರು ಸಿಕ್ಯೂ ವರ್ಲ್ಡ್ ವೈಡ್. ಪ್ರತಿ ವರ್ಷ ಅಕ್ಟೋಬರಿನ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಧ್ವನಿಯದು, ನವೆಂಬರಿನಲ್ಲಿ ಮೋರ್ಸ್ ಸಂಕೇತದ್ದು. 2023ರಲ್ಲಿ ಅದು ಅಕ್ಟೋಬರ್ 28ರ ಶನಿವಾರ ಬೆಳಿಗ್ಗೆ ಐದೂವರೆಗೆ ಶುರುವಾಯಿತು. ನಲವತ್ತೆಂಟು ಗಂಟೆಗಳಲ್ಲಿ ಎಷ್ಟು ನಿಲ್ದಾಣಗಳನ್ನು, ಎಷ್ಟು ದೇಶಗಳನ್ನು ಮಾತಾಡಿಸಿದಿರಿ ಎಂಬುದೇ ಲೆಕ್ಕ. ಮಾತೆಂದರೆ ಹರಟೆಯಲ್ಲ. ಕರೆಸಂಕೇತ, ‘59’ ಎಂಬ ಸದ್ದಿನ ಗುಣಮಟ್ಟದ ಅಂಕ, ಮತ್ತು ವಲಯದ ಸಂಖ್ಯೆ. ಜಗತ್ತಿನ 40 ವಲಯಗಳಲ್ಲಿ ನಮ್ಮದು 22. (ಸರಿಯಾಗಿ ಕೇಳಿಸದವನಿಗೂ 59 ಎನ್ನುವುದು ಇಲ್ಲಿನ ಶಿಷ್ಟಾಚಾರ!) ನಮಗೆ ಜಪಾನ್ ಸಿಕ್ಕರೆ ಒಂದು ಅಂಕ, ಏಕೆಂದರೆ ಅದೂ ಏಷ್ಯಾ, ಯೂರೋಪ್ ಸಿಕ್ಕರೆ ಮೂರು. ಪಕ್ಕದ ಊರಿನ ಹ್ಯಾಮ್‌ಗೆ ಸೊನ್ನೆ.

ಮೊದಲ ನಲವತ್ತು ನಿಮಿಷ ಅವಳು ‘ಸಿಕ್ಯೂ, ಸಿಕ್ಯೂ’ ಎಂದು ಕರೆದದ್ದೇ ಕರೆದದ್ದು. ಒಬ್ಬರೂ ತಿರುಗಿ ನೋಡಲಿಲ್ಲ. ಅಳು ಬರುವ ಹೊತ್ತಿಗೆ ಹಿರಿಯರಿಗೆ ಫೋನ್ ಮಾಡಿದಳು. ‘ನೀನು ಕರೀಬೇಡಮ್ಮ. ಡಯಲ್ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಿರುಗಿಸು. ಯಾರು ಕರೀತಿದ್ದಾರೋ ಅವರಿಗೆ ಉತ್ತರ ಕೊಡು. ಮೊದಲು ಕೇಳೋದು ಕಲಿ’ ಎಂದರು. ಹೊಸಬರೆಲ್ಲ ಮಾಡುವ ತಪ್ಪು ಇದೇ. ಬೆಳಿಗ್ಗೆ ಜಪಾನ್ ಸಾಲುಸಾಲಾಗಿ ಸಿಕ್ಕಿತು, ಮಧ್ಯಾಹ್ನದ ಮೇಲೆ ಯೂರೋಪ್. ಸೂರ್ಯನ ಕಲೆಗಳು ಹನ್ನೊಂದು ವರ್ಷಗಳ ಆವರ್ತದಲ್ಲಿ ಏರುತ್ತಿದ್ದ ವರ್ಷ ಅದು; ಕಡಿಮೆ ಶಕ್ತಿಯವರಿಗೂ ಆಕಾಶ ತೆರೆದಿತ್ತು. ರಾತ್ರಿ ತರಂಗಪಟ್ಟಿ ಮುಚ್ಚಿಕೊಂಡಿತು, ಜೊತೆಗೆ ಚಂದ್ರಗ್ರಹಣ ಬೇರೆ. ಅಮ್ಮ ರೇಡಿಯೊದ ಸ್ವಿಚ್ ಆರಿಸಿಯೇ ಮಲಗಿದರು.

ಭಾನುವಾರ ಸಂಜೆ ನಡೆದದ್ದು ಹೇಳಲೇಬೇಕು. ಬ್ರೆಜಿಲ್‌ನ ನಿಲ್ದಾಣವೊಂದು ಸಿಕ್ಕಿತು. ಅವಳಿಗೆ ಹೊಸ ದೇಶ, ಹೊಸ ವಲಯ. ಅವನು ಅವಳ ಸಂಕೇತವನ್ನು ಸರಿಯಾಗಿ ಹಿಡಿದು 59, 11 ಎಂದು ಹೇಳಿಯೂಬಿಟ್ಟ. ಆದರೆ ಅವನ ಸಂಕೇತದ ಕೊನೆಯ ಅಕ್ಷರ ಇವಳಿಗೆ ದಕ್ಕಲಿಲ್ಲ. ಪಕ್ಕದ ಮನೆಯ ಮೋಟಾರ್ ಓಡತೊಡಗಿತ್ತು, ರೇಡಿಯೊದ ತುಂಬ ಗೊರಗೊರ. ಲ್ಯಾಪ್‌ಟಾಪಿನ ತಂತ್ರಾಂಶ ಪರಿಚಿತ ಸಂಕೇತಗಳ ಪಟ್ಟಿಯಿಂದ ಮೂರನ್ನು ತೋರಿಸಿ ‘ಇದಿರಬಹುದೇ?’ ಎಂದಿತು. ಒಂದನ್ನು ಒತ್ತಿದರೆ ಮುಗಿಯಿತು. ತಪ್ಪಾದರೆ ಅಂಕ ಹೋಗುವುದಲ್ಲದೆ ದಂಡವೂ ಉಂಟು. ಬಿಟ್ಟುಬಿಟ್ಟರೆ? ಅವನ ಪಟ್ಟಿಯಲ್ಲಿ ಇವಳಿದ್ದು ಇವಳ ಪಟ್ಟಿಯಲ್ಲಿ ಅವನಿಲ್ಲದಿದ್ದರೆ, ಪೆಟ್ಟು ಅವನಿಗೆ.

ಕಿರಾಣಿ ಅಂಗಡಿಯ ಲೆಕ್ಕ ಬರೆದು ಬಂದ ಅಪ್ಪ ಅವಳ ಮುಖ ನೋಡಿದರು. ವಿಷಯ ಕೇಳಿದರು. ಒಂದೂ ಮಾತಾಡದೆ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದರು. ‘ಐದು ನಿಮಿಷ ಮೋಟಾರ್ ಆಫ್ ಮಾಡ್ತೀರಾ? ನಮ್ಮ ಹುಡುಗಿಗೆ ಬ್ರೆಜಿಲ್ ಕೇಳಿಸ್ತಿಲ್ಲ’ ಎಂದರಂತೆ. ಮೋಟಾರ್ ನಿಂತಿತು. ಅವನು ಇನ್ನೊಮ್ಮೆ ತನ್ನ ಸಂಕೇತ ಹೇಳಿದ. ಕೊನೆಯ ಅಕ್ಷರ, ತಂತ್ರಾಂಶ ತೋರಿಸಿದ ಮೂರರಲ್ಲಿ ಯಾವುದೂ ಅಲ್ಲ!

ಇದರಿಂದೇನು ಪ್ರಯೋಜನ ಎಂದು ಕೇಳುವ ತಂದೆ–ತಾಯಿ ಇದ್ದಾರೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಪೋರ್ಟ್‌ಬ್ಲೇರ್‌ಗೆ ಹೋಗಿದ್ದೂ ಹೀಗೆ ಜಗತ್ತಿನ ಹ್ಯಾಮ್‌ಗಳನ್ನು ಮಾತಾಡಿಸಲೆಂದೇ. 26ರಂದು ಸುನಾಮಿ ಅಪ್ಪಳಿಸಿದಾಗ ಅಂಡಮಾನಿನಿಂದ ಸುದ್ದಿ ಮುಟ್ಟಿಸಿದ್ದು ಅದೇ ರೇಡಿಯೊ. ಗದ್ದಲದ ನಡುವೆ ಹೆಸರನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು ಅಂದು ಆಟವಾಗಿರಲಿಲ್ಲ.

ಎರಡು ದಿನಕ್ಕೆ ಒಟ್ಟು 112 ಸಂಪರ್ಕ. ಲೈಸೆನ್ಸ್ ಸಿಕ್ಕಿ ಮೂರು ವರ್ಷದೊಳಗಿನವರಿಗೆ ಪ್ರತ್ಯೇಕ ವಿಭಾಗವಿದೆ. ಪಟ್ಟಿಯನ್ನು ಅದರಲ್ಲೇ ಕಳಿಸಿದಳು. ಸೋಮವಾರ ಕಾಲೇಜಿಗೆ ಹೋಗಿ ಕೊನೆಯ ಬೆಂಚಿನಲ್ಲಿ ತೂಕಡಿಸಿದಳು. ತಿಂಗಳುಗಳ ನಂತರ ತಪಾಸಣೆಯ ವರದಿ ಬಂತು. ನಾಲ್ಕು ತಪ್ಪು, ನಾಲ್ಕೂ ಮೊದಲ ದಿನದವು. ಅಪ್ಪ ಕನ್ನಡಕ ಏರಿಸಿ ಸಾಲುಸಾಲಾಗಿ ಬೆರಳಿಟ್ಟು ಓದಿದರು. ಬ್ರೆಜಿಲ್ ಬಂದಾಗ ಬೆರಳು ನಿಂತಿತು. ಆಮೇಲೆ ಕೇಳಿದರು: ‘ಹತ್ತು ಮೀಟರ್ ಪಟ್ಟಿಗಾದರೆ ತಂತಿ ಎಷ್ಟುದ್ದ ಬೇಕು?’

‘ಐದು ಮೀಟರ್ ಅಪ್ಪಾ.’

‘ಅಂಗಡೀಲಿ ಹಗ್ಗ ಇದೆ’ ಎಂದರು.